ಮಂಪರು ಇಳಿಯುವ ಹೊತ್ತು: ನಾಯಿಗಳ ಶೆಲ್ಟರ್‌ಗೆ ನರ್ಸ್ ಆಗಿ ಸೇರುವವರಿಗೆ

ಬೆಂಗಳೂರಿನ ಹೊರಗಡೆ ಇರುವ ಒಂದು ಪ್ರಾಣಿ ದಯಾ ಸಂಸ್ಥೆಯಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಾಗದದಲ್ಲಿ ನಾನು ಪ್ಯಾರಾವೆಟ್, ಅಂದರೆ ಪಶುವೈದ್ಯರ ಸಹಾಯಕಿ. ನಮ್ಮೂರಿನವರಿಗೆ ಮಾತ್ರ ಕಾಂಪೌಂಡರ್. ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಎರಡು ವರ್ಷ ಪಶುಸಂಗೋಪನೆ ಡಿಪ್ಲೊಮಾ ಓದಿದೆ. ಅಲ್ಲಿ ಹಸು, ಎಮ್ಮೆ, ಕುರಿಯದ್ದೇ ಜಾಸ್ತಿ. ಬೀದಿ ನಾಯಿಯನ್ನು ನೋಡಿಕೊಳ್ಳುವುದು ಕಲಿತದ್ದು ಇಲ್ಲಿಗೆ ಬಂದ ಮೇಲೆ.

ಹೊಸಬರು ಬಂದ ಕೂಡಲೇ ಡ್ರಿಪ್ ಹಾಕುವುದು ಹೇಳಿಕೊಡಿ ಅಂತ ಕೇಳುತ್ತಾರೆ. ಅದು ಎರಡು ತಿಂಗಳಲ್ಲಿ ಕೈಗೆ ಬಂದುಬಿಡುತ್ತದೆ. ಪಕ್ಕದಲ್ಲಿ ಕೂತು ನೋಡುತ್ತಾ ಇರುವುದಿದೆಯಲ್ಲ, ಅದನ್ನು ಕಲಿಯುವುದಕ್ಕೆ ಹೊತ್ತು ಬೇಕು. ಆಪರೇಷನ್ ಮಾಡುವುದು, ರೋಗ ಇಂಥದ್ದು ಅಂತ ಹೇಳುವುದು, ಔಷಧಿ ಬರೆಯುವುದು ಡಾಕ್ಟರ ಕೆಲಸ. ಅವರ ಕಣ್ಣಿಗೆ ಬೀಳದ್ದನ್ನು ಮೊದಲು ಕಂಡು, ಓಡಿಹೋಗಿ ಹೇಳುವುದು ನಮ್ಮ ಕೆಲಸ.

ನಾಯಿ ಮುಟ್ಟುವ ಮೊದಲು ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಮೊದಲ ದಿನ ಒಂದು, ಏಳನೇ ದಿನ ಒಂದು, 21ನೇ ಅಥವಾ 28ನೇ ದಿನ ಇನ್ನೊಂದು. ಇದು ಮುಗಿಯದೆ ಯಾರನ್ನೂ ಕೆನೆಲ್, ಅಂದರೆ ನಾಯಿಗಳನ್ನು ಇಡುವ ಗೂಡಿನ ಒಳಗೆ ಬಿಡಬಾರದು. ನಿಮ್ಮನ್ನು ಬಿಡುತ್ತೇನೆ ಅಂದರೂ ನೀವೇ ಬೇಡ ಅನ್ನಿ. ಲಸಿಕೆ ಆಗಿದ್ದರೂ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ. ಅಂದಾಜಿನಲ್ಲಿ ತೊಳೆದರೆ ಎರಡು ನಿಮಿಷಕ್ಕೇ ಕೈ ತೆಗೆದುಬಿಡುತ್ತೇವೆ.

ಇನ್ನೊಂದು ಮಾತು. ಬಾಯಿ ಮುಚ್ಚಲಾಗದೆ, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ ಸುಮ್ನೆ ನಿಂತಿರುವ ನಾಯಿಯನ್ನು ಜನ ತಂದುಬಿಡುತ್ತಾರೆ. "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಮೇಡಂ, ಸ್ವಲ್ಪ ತೆಗೀರಿ" ಅನ್ನುತ್ತಾರೆ. ಕೈ ಹಾಕಬೇಡಿ. ರೇಬೀಸ್‌ನಲ್ಲಿ ಎಲ್ಲ ನಾಯಿಯೂ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಕೆಲವಕ್ಕೆ ದವಡೆಯ ಶಕ್ತಿಯೇ ಹೋಗಿಬಿಡುತ್ತದೆ. ತಂದವರ ಕೈಗೆ ಜೊಲ್ಲು ತಾಗಿದೆಯಾ, ಕೈಯಲ್ಲಿ ಗಾಯ ಇದೆಯಾ ಅಂತ ಮೊದಲು ಕೇಳಿ. ಅವರನ್ನು ನಲ್ಲಿಯ ಹತ್ತಿರ ಕಳಿಸಿ, ನಾಯಿಯನ್ನು ಒಂಟಿ ಕೆನೆಲ್‌ಗೆ ಹಾಕಿ, ಡಾಕ್ಟರನ್ನು ಕರೆಯಿರಿ.

ನಮ್ಮಲ್ಲಿ ದಿನದ ಕೆಲಸದಲ್ಲಿ ಮುಕ್ಕಾಲು ಭಾಗ ಸಂತಾನಹರಣ ಆಪರೇಷನ್‌ದೇ. ಹೆಣ್ಣು ನಾಯಿಗೆ ಹೊಟ್ಟೆ ತೆರೆದು ಗರ್ಭಕೋಶ, ಅಂಡಾಶಯ ತೆಗೆಯುತ್ತಾರೆ. ಟೇಬಲ್ ಮೇಲೆ ಇರುವಾಗ ನಾಲ್ಕು ಜನ ಸುತ್ತ ಇರುತ್ತಾರೆ. ಅಪಾಯ ಜಾಸ್ತಿ ಇರುವುದು ಇಳಿಸಿದ ಮೇಲೆ, ಎಲ್ಲರೂ ಮುಂದಿನ ನಾಯಿಯ ಕಡೆ ತಿರುಗಿದಾಗ.

ಬರೀ ಸಿಮೆಂಟ್ ನೆಲದ ಮೇಲೆ ಮಲಗಿಸಬೇಡಿ. ಗೋಣಿಚೀಲ, ಅದರ ಮೇಲೆ ಪೇಪರ್, ಅದರ ಮೇಲೆ ಬಟ್ಟೆ. ಪಕ್ಕಕ್ಕೆ ಮಲಗಿಸಿ, ಕುತ್ತಿಗೆ ನೇರ ಮಾಡಿ, ನಾಲಿಗೆಯನ್ನು ಮುಂದಕ್ಕೆ ಎಳೆದು ಬಾಯಿಂದ ಹೊರಗೆ ಬಿಡಿ. ವಾಂತಿ ಬಂದರೆ ಹೊರಗೆ ಹರಿಯಬೇಕು, ಉಸಿರಿಗೆ ಅಡ್ಡ ಬರಬಾರದು. ಕೆಟಮಿನ್ ಅನ್ನುವ ಮಂಪರಿನ ಔಷಧಿ ಕೊಟ್ಟ ನಾಯಿ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಎಚ್ಚರ ಆಗಿದೆ ಅಂದುಕೊಳ್ಳಬೇಡಿ. ಕಣ್ಣು ಮಿಟುಕಿಸದೆ ಒಣಗುತ್ತದೆ, ಅದಕ್ಕೇ ಡಾಕ್ಟರು ಹೇಳಿದ ಮುಲಾಮು ಹಚ್ಚಬೇಕು. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ.

ಆಮೇಲೆ ಮೈ ಬಿಸಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ಮಂಪರಿನಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಡಿಸೆಂಬರ್ ಬೆಳಗ್ಗೆ ಸಣ್ಣ ಮರಿಗಳಲ್ಲಿ 97ಕ್ಕೆ ಇಳಿದದ್ದನ್ನು ನೋಡಿದ್ದೇನೆ. ನಾವು ಖಾಲಿಯಾದ ಸಲೈನ್ ಬಾಟಲಿಗಳನ್ನು ಎಸೆಯುವುದಿಲ್ಲ. ಬಿಸಿನೀರು ತುಂಬಿ, ಟವೆಲ್ ಸುತ್ತಿ, ಹೊಟ್ಟೆ ಬೆನ್ನಿನ ಪಕ್ಕ ಇಡುತ್ತೇವೆ. ಟವೆಲ್ ಸುತ್ತದೆ ಇಡಲೇಬೇಡಿ. ಮಂಪರಿನಲ್ಲಿರುವ ನಾಯಿ ಸುಟ್ಟರೂ ಸರಿದು ಮಲಗಲಾರದು.

ಈಗ ಒಸಡು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನ ಒಳಗೆ ಗುಲಾಬಿಗೆ ತಿರುಗಬೇಕು. ನಮ್ಮ ಬೀದಿ ನಾಯಿಗಳಲ್ಲಿ ಎಷ್ಟೋ ನಾಯಿಗಳ ಒಸಡು ಕಪ್ಪು, ಏನೂ ಗೊತ್ತಾಗುವುದಿಲ್ಲ. ಆಗ ಕೆಳಗಿನ ಕಣ್ಣರೆಪ್ಪೆಯನ್ನು ಸ್ವಲ್ಪ ಇಳಿಸಿ ಒಳಗಿನ ಬಣ್ಣ ನೋಡಿ. ಎರಡನೇ ವರ್ಷದಲ್ಲಿ ಒಂದು ಕಪ್ಪು ಹೆಣ್ಣು ನಾಯಿ ಹೀಗೇ ಇತ್ತು. ಹೊಲಿಗೆ ಒಣಗಿತ್ತು, ಒಂದು ಹನಿ ರಕ್ತ ಇಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಿದೆ ಅನ್ನಿಸಿತು. ರೆಪ್ಪೆ ಇಳಿಸಿದರೆ ಒಳಗೆ ಸುಣ್ಣದ ಹಾಗೆ ಬಿಳಿ. ತೊಡೆಯ ಒಳಗೆ ನಾಡಿ ಹಿಡಿದರೆ ದಾರದಷ್ಟು ಸಣ್ಣಗೆ, ಓಡುತ್ತಿತ್ತು. ಡಾಕ್ಟರು ಮತ್ತೆ ಹೊಟ್ಟೆ ತೆರೆದರು. ಒಳಗೆ ಕಟ್ಟಿದ್ದ ಒಂದು ಗಂಟು ಜಾರಿ ರಕ್ತ ತುಂಬಿಕೊಳ್ಳುತ್ತಿತ್ತು. ಆ ನಾಯಿ ಬದುಕಿತು. ಅವತ್ತಿನಿಂದ ಮೊದಲ ಎರಡು ಗಂಟೆ, ಹತ್ತು ನಿಮಿಷಕ್ಕೊಮ್ಮೆ ಬಣ್ಣ ನೋಡುವುದನ್ನು ನಾನು ಬಿಟ್ಟಿಲ್ಲ.

ಎಚ್ಚರವಾಗುವಾಗ ತಲೆ ಹೊಡೆದುಕೊಳ್ಳುವುದು, ಕೂಗುವುದು ಇದ್ದದ್ದೇ. ದೀಪ ಕಡಿಮೆ ಮಾಡಿ, ಮಾತು ನಿಲ್ಲಿಸಿ. ನೀರಿನ ಬಟ್ಟಲು ಇಡಬೇಡಿ. ಅರೆ ಎಚ್ಚರದಲ್ಲಿ ಅದರೊಳಗೆ ಮೂತಿ ಬಿದ್ದು ಉಸಿರು ಕಟ್ಟಬಹುದು. ನೆಟ್ಟಗೆ ನಿಂತು, ತಲೆ ಅಲ್ಲಾಡದೆ ಇದ್ದರೆ ಆಗ ಸ್ವಲ್ಪ ನೀರು. ಸಂಜೆಗೆ ಒಂದು ಹಿಡಿ ಮೊಸರನ್ನ ಸಾಕು.

ಕೆನೆಲ್ ತೊಳೆಯುವುದು ಕೀಳು ಕೆಲಸ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ವಾಸನೆ ಬಂದ ಮಾತ್ರಕ್ಕೆ ಅದು ಸಾಯುವುದಿಲ್ಲ. ಮೊದಲು ಗಲೀಜು ತೆಗೆದು, ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮರಿಗಳ ಕಡೆಯಿಂದ ಶುರು ಮಾಡಿ, ಕಾಯಿಲೆಯ ನಾಯಿಗಳು ಕೊನೆಗೆ. ಬೆಕ್ಕುಗಳ ಕೋಣೆಗೆ ಫಿನಾಯಿಲ್ ತರಲೇಬೇಡಿ, ಅವಕ್ಕೆ ಅದು ವಿಷ.

ಕೊನೆಯದಾಗಿ ರಿಜಿಸ್ಟರ್. ಹಿಡಿದ ಜಾಗಕ್ಕೇ ನಾಯಿಯನ್ನು ವಾಪಸ್ ಬಿಡಬೇಕು ಅಂತ 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮ ಹೇಳುತ್ತದೆ. ಕುತ್ತಿಗೆಯ ಟ್ಯಾಗ್ ನಂಬರ್ ಎದುರು ನಾನು ಒಮ್ಮೆ ಬರೀ "4ನೇ ಕ್ರಾಸ್" ಅಂತ ಬರೆದಿದ್ದೆ. ಯಾವ ಬಡಾವಣೆ ಅಂತ ಬರೆಯಲಿಲ್ಲ. ನಾಯಿಯನ್ನು ಬೇರೆ ಬಡಾವಣೆಯ 4ನೇ ಕ್ರಾಸ್‌ಗೆ ಬಿಟ್ಟು ಬಂದರು. ಐದನೇ ದಿನ ಟೀ ಅಂಗಡಿಯ ಒಬ್ಬ ಅಜ್ಜಿ ಗೇಟಿಗೆ ಬಂದು, "ನಮ್ಮ ಕೆಂಚಿ ಎಲ್ಲಮ್ಮಾ?" ಅಂತ ಕೇಳಿದರು. ಎರಡು ದಿನ ಅಜ್ಜಿಯ ಜೊತೆ ಗಾಡಿಯಲ್ಲಿ ಸುತ್ತಿದೆ. ಬೇರೆ ನಾಯಿಗಳು ಕಚ್ಚಿ ಕಿವಿ ಹರಿದಿತ್ತು, ಒಂದು ಮೋರಿಯ ಕೆಳಗೆ ಕೂತಿತ್ತು. ಅಜ್ಜಿಯ ದನಿ ಕೇಳಿ ಹೊರಗೆ ಬಂತು.

ಅದಕ್ಕೇ ಬಡಾವಣೆ, ಕ್ರಾಸ್, ಎದುರಿನ ಅಂಗಡಿ, ಊಟ ಹಾಕುವವರು ಯಾರು, ಇಷ್ಟನ್ನೂ ಹಿಡಿದ ಕೂಡಲೇ ಗಾಡಿಯಲ್ಲೇ ಬರೆಯಿರಿ. ಬಿಡುವ ದಿನ ಹೊಲಿಗೆ ಇನ್ನೊಮ್ಮೆ ನೋಡಿ. ಊದಿದ್ದರೆ, ನೀರು ಸೋರುತ್ತಿದ್ದರೆ ಅವತ್ತು ಬಿಡಬೇಡಿ. ಜಾಗ ತಲುಪಿದ ಮೇಲೆ ಪಂಜರದ ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲಿ, ಎಳೆಯಬೇಡಿ. ಮೊದಲು ಮೂಗು ಹೊರಗೆ ಬರುತ್ತದೆ. ಗಾಳಿ ಮೂಸಿ, ಬೀದಿ ತನ್ನದೇ ಅಂತ ಗೊತ್ತಾದ ಮೇಲೆ ಬಾಲ ಮೇಲೇಳುತ್ತದೆ. ಆಮೇಲೆ ಟ್ಯಾಗ್ ನಂಬರಿನ ಎದುರು ಟೈಮ್ ಬರೆದು ಸಹಿ ಹಾಕಿ.