ಅವ್ವನ ಪೂಜೆ ತಪ್ಪದಂಥ ಡಿಮೆನ್ಶಿಯಾ ಕೇರ್ ಹೋಮ್ ಹುಡುಕುವುದು ಹೇಗೆ

ಬೋರ್ಡಿನ ಮೇಲೆ ಯಾವ ದೇವರ ಹೆಸರಿದೆ ಅಂತ ನೋಡಿ ಕೇರ್ ಹೋಮ್ ಆರಿಸಬೇಡಿ. ಬೆಳಿಗ್ಗೆ ಸ್ನಾನ ಮಾಡಿಸಿದ ಆಯಾ ಆಮೇಲೆ ಏನು ಮಾಡುತ್ತಾಳೆ ಅಂತ ಕೇಳಿ. ನಾನು ಎಲ್ಲಾ ಕಡೆ ಮೊದಲು ಕೇಳಿದ್ದು ಅದನ್ನೇ.

ನಮ್ಮವ್ವ ದಾವಣಗೆರೆಯವಳು, ಲಿಂಗಾಯತರ ಮನೆ. ಅಲ್ಝೈಮರ್ಸ್ (ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಒಂದು ಬಗೆ) ಬಂದ ಮೇಲೆ ಮೊಮ್ಮಕ್ಕಳ ಹೆಸರು ಮರೆತಳು, ಗ್ಯಾಸ್ ಆರಿಸುವುದನ್ನು ಮರೆತಳು. ಆದರೆ ಸ್ನಾನ ಆದ ಕೂಡಲೇ ಎಡ ಅಂಗೈ ತಾನಾಗಿ ಮುಂದೆ ಬರುತ್ತದೆ, ಇಷ್ಟಲಿಂಗ ಇಡಿ ಅಂತ. ಕೈಗೆ ರೂಢಿಯಾದ ಕೆಲಸ, ಬಾಯಿಗೆ ಬಂದ ವಚನ, ಹಾಡು ಇವೆಲ್ಲ ಈ ಕಾಯಿಲೆಯಲ್ಲಿ ತಡವಾಗಿ ಹೋಗುತ್ತವೆ. ಪೂಜೆ ತಪ್ಪಿದ ದಿನ ಸಂಜೆವರೆಗೂ ಅವಳಿಗೆ ಸಮಾಧಾನ ಇರುವುದಿಲ್ಲ.

ಹುಡುಕುವ ಮುಂಚೆ ಒಂದು ಹಾಳೆ ಬರೆಯಿರಿ. 'ನಮ್ಮಮ್ಮ ತುಂಬಾ ದೈವಭಕ್ತೆ' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೊತ್ತಿಗೊಂದು ಸಾಲು ಬರೆಯಿರಿ: ಸ್ನಾನ ಆದ ಮೇಲೆ ವಿಭೂತಿ, ಆಮೇಲೆ ಲಿಂಗಪೂಜೆ, ಆಮೇಲೇ ತಿಂಡಿ. ಈರುಳ್ಳಿ ತಿನ್ನುತ್ತಾಳೆ, ಮೊಟ್ಟೆ ಮುಟ್ಟುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾರಾದರೂ ಜೊತೆಗೆ ಕೂತು ವಚನ ಹೇಳಿದರೆ ಗಲಾಟೆ ಕಡಿಮೆ. ನಿಮ್ಮ ತಂದೆ ನಮಾಜ್ ಮಾಡುವವರಾದರೆ ಕುರ್ಚಿ ಯಾವ ದಿಕ್ಕಿಗೆ ಇಡಬೇಕು, ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವುಜೂ ಮಾಡುವಾಗ ಯಾರು ಹಿಡಿದುಕೊಳ್ಳಬೇಕು ಅಂತ ಬರೆಯಿರಿ. ಚರ್ಚಿಗೆ ಹೋಗುತ್ತಿದ್ದವರಾದರೆ ಫಾದರ್ ಎಷ್ಟು ದಿನಕ್ಕೊಮ್ಮೆ ಪರಮಪ್ರಸಾದ ತರಬಹುದು ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇನ್ನು ಜಾಗ. ಮಠ, ಟ್ರಸ್ಟ್, ಚರ್ಚುಗಳು ನಡೆಸುವ ವೃದ್ಧಾಶ್ರಮಗಳು ನಮ್ಮಲ್ಲಿ ಇವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಿಸ್ಟರ್‌ಗಳು 1900ರಿಂದ ಬಡ ವೃದ್ಧರನ್ನು, ಯಾವ ಧರ್ಮದವರೇ ಆಗಲಿ, ನೋಡಿಕೊಳ್ಳುತ್ತಿದ್ದಾರೆ. ಆದರೆ ಇಂಥ ಎಷ್ಟೋ ಕಡೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಡಿಮೆನ್ಶಿಯಾ ಅಂದ ತಕ್ಷಣ ಫೋನಿನ ದನಿಯೇ ಬದಲಾಗುತ್ತದೆ. ಆದ್ದರಿಂದ ಕಾಯಿಲೆ ಗೊತ್ತಿರುವ ಜಾಗ ಮೊದಲು ಹುಡುಕಿ, ಪೂಜೆಯನ್ನು ಅಲ್ಲಿಗೆ ಒಯ್ಯಿರಿ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ನಡೆಸುತ್ತದೆ. ನಿಮ್ಹಾನ್ಸ್‌ನಲ್ಲಿ ವೃದ್ಧರ ವಿಭಾಗ ಇದೆ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ನಿಮ್ಮ ಜಿಲ್ಲೆಯ ಆಶ್ರಮಗಳ ಮಾಹಿತಿ ಕೇಳಬಹುದು.

ನೋಡಲು ಹೋಗುವುದು ಸಂಜೆ ಐದರ ಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲಾ ಜಾಗವೂ ಚೆಂದ, ಎಲ್ಲರೂ ಶಾಂತ. ಹೊತ್ತು ಇಳಿದಂತೆ ಈ ಕಾಯಿಲೆಯವರಿಗೆ ಗೊಂದಲ, ಹೆದರಿಕೆ ಜಾಸ್ತಿ. 'ಮನೆಗೆ ಹೋಗಬೇಕು' ಅಂತ ಬಾಗಿಲ ಹತ್ತಿರ ನಿಲ್ಲುತ್ತಾರೆ. ಆಗ ಅಲ್ಲಿಯವರು ಗದರುತ್ತಾರೋ, ಕೈ ಹಿಡಿದು ಎರಡು ಸುತ್ತು ನಡೆಸುತ್ತಾರೋ ನೋಡಿ. ದೇವರ ಕೋಣೆ ತೋರಿಸಿದರೆ ಬೀಗ ಇದೆಯಾ, ಹೂವು ಇವತ್ತಿನದ್ದಾ ಅಂತ ಕಣ್ಣಾಡಿಸಿ. ಒಂದು ಕಡೆ ಅಮೃತಶಿಲೆಯ ಮಂಟಪ, ಬೀಗದ ಕೈ ಮಾತ್ರ ಮ್ಯಾನೇಜರ್ ಮನೆಯಲ್ಲಿ! ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ, ಮಂಚಕ್ಕೆ ಕಟ್ಟುತ್ತಾರಾ, ನಿದ್ದೆ ಬರಿಸುವ ಮಾತ್ರೆ ಯಾರ ಚೀಟಿ ಮೇಲೆ ಕೊಡುತ್ತಾರೆ ಅಂತ ಸಂಕೋಚ ಇಲ್ಲದೆ ಕೇಳಿ. ಪ್ರಾರ್ಥನೆಯಿಂದ ಕಾಯಿಲೆ ವಾಸಿ ಮಾಡುತ್ತೇವೆ ಅಂದರೆ ಕೈಮುಗಿದು ಎದ್ದು ಬನ್ನಿ. ಅಲ್ಝೈಮರ್ಸ್ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಜಾಗದವರ ಮಾತಿಗೂ ಸ್ವಲ್ಪ ಕಿವಿಗೊಡಬೇಕು. ಸೇರಿಸುವಾಗ ಮೈಮೇಲಿನ ಒಡವೆ ತೆಗೆದುಕೊಡಿ ಅನ್ನುತ್ತಾರೆ, ಅದರಲ್ಲಿ ಕುತ್ತಿಗೆಗೆ ಲಿಂಗ ಕಟ್ಟಿಕೊಳ್ಳುವ ಶಿವದಾರವೂ ಸೇರಿಬಿಡುತ್ತದೆ. ನಾವು ಲಿಂಗ ತೆಗೆಯುವುದಿಲ್ಲ ಅಂದೆವು. ದಾರ ಕುತ್ತಿಗೆಗೆ ಸುತ್ತಿಕೊಂಡರೆ ಅಂತ ಅವರ ಭಯ, ಅದೂ ನಿಜವೇ. ಕೊನೆಗೆ ಎಳೆದರೆ ಬಿಚ್ಚಿಕೊಳ್ಳುವಂತೆ ದಾರ ಕಟ್ಟಿ, ಲಿಂಗ ಇಡುವ ಪುಟ್ಟ ಡಬ್ಬಿ ಕರಡಿಗೆಯ ಮುಚ್ಚಳ ಬಿಗಿ ಮಾಡಿಸಿ ಕೊಟ್ಟೆವು. ಪೂಜೆ ಹೊತ್ತಿನಲ್ಲಿ ಲಿಂಗ ಕೈಗೆ ಬಂದಾಗ ಆಯಾ ಎದುರಿಗೇ ಇರಬೇಕು, ಬಾಯಿಗೆ ಹಾಕಿಕೊಳ್ಳುವ ಹಂತ ಬಂದೀತು. ಕರ್ಪೂರ ಬೇಡವೇ ಬೇಡ, ನುಂಗಿದರೆ ಫಿಟ್ಸ್ ಬರಬಹುದು. ದೀಪಕ್ಕೆ ಬ್ಯಾಟರಿಯದ್ದು ಸಾಕು, ಅವ್ವ ಅದಕ್ಕೂ ನಮಸ್ಕಾರ ಮಾಡುತ್ತಾಳೆ. ನುಂಗಲು ಕಷ್ಟ ಇರುವವರಿಗೆ ತೀರ್ಥ, ಪಾದೋದಕದಂಥ ತೆಳು ನೀರೇ ಶ್ವಾಸಕೋಶಕ್ಕೆ ಇಳಿಯುವುದು. ಹಣೆಗೆ ಹಚ್ಚಿದರೆ ಸಾಕು ಅಂತ ನಮ್ಮ ಅಯ್ಯನವರೇ ಹೇಳಿದರು.

ಉಪವಾಸದ ಪಾಡು ಕೇಳಬೇಡಿ. ಅವ್ವನಿಗೆ ಈಗ ದಿನಾ ಶ್ರಾವಣ ಸೋಮವಾರ. ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಹೊಟ್ಟೆ ಖಾಲಿ ಇಟ್ಟರೆ ಸಕ್ಕರೆ ಕುಸಿಯಬಹುದು. 'ಇವತ್ತು ಸೋಮವಾರ ಅಲ್ಲ' ಅಂತ ವಾದ ಮಾಡಿದರೆ ಜಗಳ. 'ಹೌದವ್ವ, ಫಲಾರ ತಂದೀನಿ' ಅಂತ ಅವಲಕ್ಕಿ, ಬಾಳೆಹಣ್ಣು ಇಟ್ಟರೆ ತಿನ್ನುತ್ತಾಳೆ. ಇದನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ.

ಫೈಲಿನಲ್ಲಿ ಇನ್ನೊಂದು ಪುಟ ಇರಲಿ, ಮಾತಾಡಲು ಯಾರಿಗೂ ಇಷ್ಟ ಇಲ್ಲದ ಪುಟ. ಜೀವ ಹೋದರೆ ಯಾರಿಗೆ ಮೊದಲು ಫೋನ್, ಮೈಮೇಲಿನ ಲಿಂಗ ಯಾರೂ ತೆಗೆಯಕೂಡದು, ನಮ್ಮದು ಸುಡುವ ಪದ್ಧತಿ ಅಲ್ಲ ಮಣ್ಣು ಮಾಡುವುದು, ಅಯ್ಯನವರ ನಂಬರ್. ರಾತ್ರಿ ಆಂಬುಲೆನ್ಸಿನವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಅಲ್ವಾ?

ದುಡ್ಡಿನ ಮಾತು: ತಿಂಗಳ ಫೀಸಿನಲ್ಲಿ ಡೈಪರ್, ಔಷಧ, ಡಾಕ್ಟರ್, ಆಸ್ಪತ್ರೆಗೆ ಜೊತೆ ಹೋಗುವವರ ಖರ್ಚು ಸೇರಿದೆಯಾ ಅಂತ ಬರವಣಿಗೆಯಲ್ಲಿ ಪಡೆಯಿರಿ. ಮೊದಲು ಒಂದು ತಿಂಗಳ ಮಟ್ಟಿಗೆ ಸೇರಿಸಿ, ಒಗ್ಗದಿದ್ದರೆ ಡೆಪಾಸಿಟ್ ಎಷ್ಟು ವಾಪಸ್ ಅಂತಲೂ ಬರೆಸಿಕೊಳ್ಳಿ. ಆ ತಿಂಗಳಲ್ಲಿ ಹೇಳದೆ ಕೇಳದೆ ಬೆಳಿಗ್ಗೆ ಸ್ನಾನದ ಹೊತ್ತಿಗೆ ಒಮ್ಮೆ ಹೋಗಿ ನಿಲ್ಲಿ. ಹಣೆ ಮೇಲೆ ವಿಭೂತಿ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಆಯಾಳನ್ನು ಬೈಯುವ ಮುಂಚೆ ನಿಮ್ಮ ಹಾಳೆ ಅವಳ ಕೈಗೆ ತಲುಪಿದೆಯಾ ಅಂತ ವಿಚಾರಿಸಿ. ಸಾಮಾನ್ಯವಾಗಿ ಅದು ಆಫೀಸಿನ ಡ್ರಾಯರ್‌ನಲ್ಲಿ ಇರುತ್ತದೆ.