ಜೀವಾಮೃತದಿಂದ ರಾಗಿ ಹೆಚ್ಚುತ್ತದೆಯೇ? ನಿಮ್ಮ ಹೊಲದಲ್ಲೇ ಪರೀಕ್ಷಿಸಿ

ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಹುದುಗಿಸಿದ ದ್ರವ) ಕೊಟ್ಟ ವರ್ಷ ರಾಗಿ ಚೆನ್ನಾಗಿ ಬಂತು ಎನ್ನಿ. ಅದು ಜೀವಾಮೃತದ ಫಲವೋ, ಹದವಾಗಿ ಬಿದ್ದ ಮಳೆಯದೋ? ಹೋದ ವರ್ಷಕ್ಕೆ ಹೋಲಿಸಿದರೆ ಮಳೆ, ಬಿತ್ತನೆಯ ದಿನ, ಬೆಂಕಿ ರೋಗದ ಹಾವಳಿ ಎಲ್ಲವೂ ಬೇರೆ. ಪಕ್ಕದವರ ಹೊಲಕ್ಕೆ ಹೋಲಿಸಿದರೆ ಮಣ್ಣೇ ಬೇರೆ. ಒಂದೇ ಹೊಲದಲ್ಲಿ, ಒಂದೇ ಹಂಗಾಮಿನಲ್ಲಿ, ಕೊಟ್ಟ ತಾಕು ಮತ್ತು ಕೊಡದ ತಾಕನ್ನು ಅಕ್ಕಪಕ್ಕ ಇಟ್ಟು ತೂಗಿದರೆ ಮಾತ್ರ ನಂಬುವಂಥ ಉತ್ತರ ಸಿಗುತ್ತದೆ. ಮಳೆಯಾಶ್ರಿತ ರಾಗಿಯಲ್ಲಿ ಇದಕ್ಕೆ ಎಂಟು ಗುಂಟೆ ಸಾಕು.

ಪ್ರಶ್ನೆ ಒಂದೇ ಇರಲಿ: ಕೊಟ್ಟಿಗೆ ಗೊಬ್ಬರದ ಜೊತೆ ಜೀವಾಮೃತವನ್ನೂ ಕೊಟ್ಟರೆ ಕಾಳು ಹೆಚ್ಚುತ್ತದೆಯೇ? ತಳಿ, ಸಾಲಿನ ಅಂತರ, ಕುಂಟೆ ಹೊಡೆಯುವ ದಿನ, ಕಳೆ ಕೀಳುವ ದಿನ ಎಲ್ಲ ತಾಕಿಗೂ ಒಂದೇ. ನಡುವೆ ಪಂಚಗವ್ಯವನ್ನೂ ಸಿಂಪಡಿಸಿದರೆ ಯಾವುದರಿಂದ ಏನಾಯಿತೆಂದು ಬಿಡಿಸಿ ಹೇಳಲಾಗದು.

ಜಾಗದ ಆಯ್ಕೆ

ಹಳೆಯ ತಿಪ್ಪೆ ಇದ್ದ ಕಡೆ, ಕುರಿ ಮಂದೆ ಹಾಕಿಸಿದ ಕಡೆ, ಬದುವಿನ ಹೊಂಗೆ ಮರದ ನೆರಳು ಬೀಳುವ ಕಡೆ ಬೇಡ. ಇಳಿಜಾರು ಹೊಲದಲ್ಲಿ ತೇವವೂ ಫಲವತ್ತಾದ ಮಣ್ಣೂ ಕೆಳಗೆ ಸೇರುತ್ತವೆ. ಹಾಗಾಗಿ ಒಂದು ಜೋಡಿಯ ಎರಡೂ ತಾಕು, ಅಂದರೆ ಜೀವಾಮೃತ ಕೊಡುವುದು ಮತ್ತು ಕೊಡದ್ದು, ಒಂದೇ ಮಟ್ಟದಲ್ಲಿ, ಪಕ್ಕಪಕ್ಕದಲ್ಲಿರಬೇಕು. ಒಂದು ಮೇಲೆ, ಇನ್ನೊಂದು ಕೆಳಗೆ ಇಟ್ಟರೆ ನೀವು ಅಳೆಯುವುದು ಇಳಿಜಾರನ್ನು, ಜೀವಾಮೃತವನ್ನಲ್ಲ. ಜೋಡಿ ಜೋಡಿಗಳ ನಡುವೆ ವ್ಯತ್ಯಾಸವಿದ್ದರೆ ಪರವಾಗಿಲ್ಲ.

ಪ್ರತಿ ತಾಕು 7 ಮೀಟರ್ ಉದ್ದ, 7 ಮೀಟರ್ ಅಗಲ. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದಾಗ 9.9 ಮೀಟರ್ ಬಂದರೆ ಚೌಕ ಸರಿಯಾಗಿದೆ. ತಾಕುಗಳ ನಡುವೆ ಒಂದು ಮೀಟರ್ ಜಾಗ ಬಿಟ್ಟು ಅಲ್ಲಿ ಸಣ್ಣ ಬದು ಕಟ್ಟಿ. ಇಲ್ಲವಾದರೆ ಜೋರು ಮಳೆಗೆ ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ. ಇಂಥ ಆರು ಜೋಡಿ ಬೇಕು.

ಯಾವ ತಾಕಿಗೆ ಜೀವಾಮೃತ ಎಂಬುದನ್ನು ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ನಿರ್ಧರಿಸಿ. ನಾವೇ ಆರಿಸಿದರೆ ಕೈ ಗೊತ್ತಿಲ್ಲದೆಯೇ ಒಳ್ಳೆಯ ತಾಕಿನ ಕಡೆ ಹೋಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಈ ಪದ್ಧತಿಗೆ ಗಟ್ಟಿ ತಳಹದಿ ಹಾಕಿದರು. ಗೂಟದ ಮೇಲೆ 1ರಿಂದ 12ರವರೆಗೆ ಸಂಖ್ಯೆ ಮಾತ್ರ ಬರೆಯಿರಿ. ಯಾವುದು ಏನೆಂಬುದು ಪುಸ್ತಕದಲ್ಲಿರಲಿ. ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸುವವರಿಗೆ ಅದು ಗೊತ್ತಿರಬಾರದು.

ಕೊಡುವ ಕ್ರಮ

ಬಿತ್ತನೆಗೆ ಮೊದಲು ಎಲ್ಲ 12 ತಾಕಿಗೂ 36 ಕೆ.ಜಿ.ಯಂತೆ ಕೊಟ್ಟಿಗೆ ಗೊಬ್ಬರ ತೂಗಿ ಹಾಕಿ. ಎಕರೆಗೆ ಮೂರು ಟನ್ ಲೆಕ್ಕ. ಬುಟ್ಟಿ ಲೆಕ್ಕ ಬೇಡ, ಹಸಿ ಗೊಬ್ಬರ ಮತ್ತು ಒಣ ಗೊಬ್ಬರದ ತೂಕ ಒಂದೇ ಅಲ್ಲ.

ಎಕರೆಗೆ ಬೇಕಾದ ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಪರೀಕ್ಷೆಗೆ ಇದರ ಹತ್ತನೇ ಒಂದು ಭಾಗ, ಅಂದರೆ 20 ಲೀಟರ್ ಮಾಡಿದರೆ ಸಾಕು. ನೆರಳಲ್ಲಿಟ್ಟು 48 ಗಂಟೆ ಹುದುಗಲು ಬಿಡಿ, ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. ಪ್ರತಿ ಸಲ ಹೊಸದಾಗಿ ಮಾಡಿ.

ತಾಕಿಗೆ 2.5 ಲೀಟರ್ ಜೀವಾಮೃತಕ್ಕೆ 22.5 ಲೀಟರ್ ನೀರು ಬೆರೆಸಿ, ಬಿತ್ತಿದ 20ನೇ ದಿನದಿಂದ ಹದಿನೈದು ದಿನಕ್ಕೊಮ್ಮೆ ಸಂಜೆ ಹೊತ್ತು ಸಾಲಿಗೆ ಸುರಿಯಿರಿ. ಜೋಡಿಯ ಇನ್ನೊಂದು ತಾಕಿಗೆ ಅದೇ ಸಂಜೆ 25 ಲೀಟರ್ ಬರಿ ನೀರು. ಹೆಚ್ಚಿನವರು ಬಿಡುವುದು ಇದನ್ನೇ. ಮಳೆ ಕೈಕೊಟ್ಟ ವಾರದಲ್ಲಿ 25 ಲೀಟರ್ ನೀರೇ ಪೈರನ್ನು ಎತ್ತಬಲ್ಲದು, ಆ ಹೆಸರು ಜೀವಾಮೃತಕ್ಕೆ ಹೋಗುತ್ತದೆ. ಮಣ್ಣು ಪೂರ್ತಿ ಒಣಗಿದ್ದರೆ ಎರಡನ್ನೂ ಮುಂದೂಡಿ.

ಕೊಯ್ಲು ಮತ್ತು ಲೆಕ್ಕ

ಅಂಚಿನ ಪೈರಿಗೆ ಗಾಳಿ, ಬೆಳಕು ಹೆಚ್ಚು. ಸುತ್ತ ಒಂದು ಮೀಟರ್ ಬಿಟ್ಟು ನಡುವಿನ 5 ಮೀಟರ್ ಚೌಕವನ್ನಷ್ಟೇ ಕೊಯ್ಯಿರಿ (ಕರ್ಣ 7.07 ಮೀಟರ್). ಪ್ರತಿ ತಾಕಿನ ತೆನೆಗೆ ಬೇರೆ ಚೀಲ, ಚೀಲದ ಒಳಗೂ ಹೊರಗೂ ಸಂಖ್ಯೆಯ ಚೀಟಿ. ಕಣದಲ್ಲಿ ಚೀಟಿ ಬಿದ್ದುಹೋಗಿ ಇಡೀ ಹಂಗಾಮಿನ ಕೆಲಸ ಹಾಳಾಗುವುದುಂಟು. ಬಡಿದು ತೂರಿದ ಕಾಳನ್ನು ಒಂದೇ ಜಾಗದಲ್ಲಿ ಒಣಗಿಸಿ, ಸತತ ಎರಡು ದಿನ ತೂಕ ಬದಲಾಗದಿದ್ದಾಗ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಹುಲ್ಲನ್ನೂ ತೂಗಿ, ದನ ಸಾಕುವವರಿಗೆ ಅದೂ ಆದಾಯ.

ಜೋಡಿಯಿಂದ ಜೋಡಿಗೆ ವ್ಯತ್ಯಾಸ ಬರೆಯಿರಿ. ಜೀವಾಮೃತದಿಂದ ಏನೂ ಆಗದಿದ್ದರೂ ಅದು ಆರಕ್ಕೆ ಆರೂ ಜೋಡಿಯಲ್ಲಿ ಅದೃಷ್ಟದಿಂದಲೇ ಗೆಲ್ಲುವ ಸಾಧ್ಯತೆ 64ರಲ್ಲಿ 1. ಮೂರೇ ಜೋಡಿ ಇಟ್ಟಿದ್ದರೆ ಅದು 8ರಲ್ಲಿ 1, ನೆಚ್ಚಿಕೊಳ್ಳುವಂಥದ್ದಲ್ಲ. ಆರರಲ್ಲಿ ಐದು ಗೆದ್ದರೆ ಇನ್ನೊಂದು ಹಂಗಾಮು ನೋಡಿ. ಮೂರು ಗೆದ್ದು ಮೂರು ಸೋತರೆ ಈ ಹೊಲದಲ್ಲಿ ಎದ್ದು ಕಾಣುವ ಲಾಭವಿಲ್ಲ ಎಂದೇ ಬರೆಯಿರಿ.

ಕೊಯ್ದದ್ದು 25 ಚದರ ಮೀಟರ್, ಎಕರೆ ಲೆಕ್ಕಕ್ಕೆ ಅದರ ತೂಕವನ್ನು 162ರಿಂದ ಗುಣಿಸಿ. ಸರಾಸರಿ ವ್ಯತ್ಯಾಸ 300 ಗ್ರಾಂ ಬಂದರೆ ಎಕರೆಗೆ ಸುಮಾರು 49 ಕೆ.ಜಿ. ಅದರ ಬೆಲೆಯ ಪಕ್ಕದಲ್ಲೇ ಬೆಲ್ಲ, ಹಿಟ್ಟು, ಆಳಿನ ಖರ್ಚನ್ನೂ ಬರೆಯಿರಿ.

ಹಂಚುವುದು

ಒಂದು ಹೊಲದ ಉತ್ತರ ಆ ಮಣ್ಣಿಗೆ, ಆ ವರ್ಷಕ್ಕೆ ಮಾತ್ರ. ಪಿಜಿಎಸ್ (ರೈತರೇ ಪರಸ್ಪರ ಪರಿಶೀಲಿಸುವ) ಸಾವಯವ ದೃಢೀಕರಣದ ಸ್ಥಳೀಯ ಗುಂಪಿನಲ್ಲಿ ಹೇಗೂ ಕನಿಷ್ಠ ಐವರು ರೈತರಿರುತ್ತಾರೆ, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುತ್ತಾರೆ. ಐವರೂ ಇದೇ ಅಳತೆಯಲ್ಲಿ ಎರಡೆರಡು ಜೋಡಿ ಇಟ್ಟರೆ ಕೆಂಪು ಮರಳು ಮಣ್ಣು, ಜೇಡಿ ಮಣ್ಣು ಎರಡರಿಂದಲೂ ಹತ್ತು ಜೋಡಿ ಸಿಗುತ್ತವೆ. ಕೊಯ್ಲಿಗೆ ವಾರ ಮೊದಲು ಕೃಷಿ ವಿಜ್ಞಾನ ಕೇಂದ್ರದವರನ್ನೂ ಕರೆದು ಹೊಲ ತೋರಿಸಿ, ಯಾವ ತಾಕು ಯಾವುದೆಂದು ಮೊದಲೇ ಹೇಳಬೇಡಿ.

ವಾಟ್ಸ್‌ಆ್ಯಪ್‌ನಲ್ಲಿ ಹಸಿರು ಪೈರಿನ ಫೋಟೊ ಕಳಿಸಿದರೆ ಬೇರೆಯವರಿಗೆ ಉಪಯೋಗವಿಲ್ಲ. ಒಂದು ಹಾಳೆಯಲ್ಲಿ ಮಣ್ಣಿನ ಬಗೆ, ತಳಿ, ಬಿತ್ತಿದ ದಿನ, ಮಳೆ ಬಿದ್ದ ದಿನಗಳು, ಜೀವಾಮೃತ ಕೊಟ್ಟ ದಿನಗಳು, ಹನ್ನೆರಡೂ ತಾಕಿನ ತೂಕ, ಖರ್ಚು ಬರೆದು ಅದರ ಚಿತ್ರ ಕಳಿಸಿ. ಸೋತ ಜೋಡಿಯ ತೂಕವನ್ನು ಬಿಡಬೇಡಿ. ನವಿಲು ತಿಂದದ್ದು, ಬದು ಒಡೆದದ್ದು ಇದ್ದರೆ ಆ ತಾಕಿನ ಮುಂದೆ ಅದನ್ನೂ ಬರೆಯಿರಿ.