ಹಳೇ ಸಿಂಕ್ ನಾವೇ ಕಿತ್ತೆವು: ನೀವೂ ಕೀಳಬಹುದು

ಮೈಸೂರಿನ ನಮ್ಮ ಮನೆಯ ಸಿಂಕ್ 24 ಇಂಚಿಗೆ 18 ಇಂಚಿನದು. 2001ರಲ್ಲಿ ಮನೆ ಕಟ್ಟಿಸಿದಾಗ ಗ್ರಾನೈಟ್ ಕಟ್ಟೆಗೆ ಕೂರಿಸಿದ್ದು. ಈ ಸಲ ಮೂಲೆಯಲ್ಲಿ ತೂತು ಬಿದ್ದು ಕೆಳಗಿನ ಅಕ್ಕಿ ಡಬ್ಬದ ಮೇಲೆ ನೀರು ತೊಟ್ಟಿಕ್ಕಿತು. ಪ್ಲಂಬರ್ ಮೂರು ಭಾನುವಾರ "ಬಂದೆ ಮೇಡಂ" ಅಂದರು, ಬರಲಿಲ್ಲ. ನಾಲ್ಕನೇ ಭಾನುವಾರ ನಾನೇ ಕೂತೆ.

ಮೊದಲು ಸಿಂಕಿನ ಅಂಚು ನೋಡಿ. ಅಂಚು ಕಲ್ಲಿನ ಮೇಲೆ ಕೂತಿದ್ದರೆ ಮನೆಯಲ್ಲೇ ತೆಗೆಯಬಹುದು. ಕಲ್ಲಿನ ಅಡಿಗೆ ಅಂಟಿಸಿದ್ದಾದರೆ ಒಬ್ಬರೇ ಕೈ ಹಾಕಬೇಡಿ. ಅಂಟು ಬಿಟ್ಟ ಕೂಡಲೇ ಅದು ಕೆಳಗೆ ಕೂತವರ ತಲೆ ಮೇಲೆ ಬೀಳುತ್ತೆ.

ನಮ್ಮದು ಗೋಡೆ ನಲ್ಲಿ, ಹಾಗಾಗಿ ಅದನ್ನು ಮುಟ್ಟುವ ಕೆಲಸವೇ ಇರಲಿಲ್ಲ. ನಿಮ್ಮ ನಲ್ಲಿ ಸಿಂಕಿನ ಮೇಲೇ ಇದ್ದರೆ ಕೆಳಗಿನ ಆಂಗಲ್ ಕಾಕ್ (ಆ ನಲ್ಲಿಗೆ ಬರುವ ನೀರು ನಿಲ್ಲಿಸುವ ಗೋಡೆಯ ಚಿಕ್ಕ ವಾಲ್ವ್) ಮುಚ್ಚಿ ಕನೆಕ್ಷನ್ ಪೈಪ್ ಬಿಚ್ಚಿ. ಬೋರ್ ನೀರಿನ ಮನೆಗಳಲ್ಲಿ ಉಪ್ಪು ಕಟ್ಟಿ ಆಂಗಲ್ ಕಾಕ್ ಅಲ್ಲಾಡುವುದೇ ಇಲ್ಲ. ಜೋರು ಮಾಡಿದರೆ ಮುರಿಯುತ್ತೆ. ಮಹಡಿ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿಬಿಡುವುದೇ ವಾಸಿ.

ಆಮೇಲೆ ಕೆಳಗೆ ಬಕೆಟ್ ಇಟ್ಟು ವೇಸ್ಟ್ ಪೈಪ್ ಎಳೆಯಿರಿ. ಕಪ್ಪಗೆ, ಜಿಡ್ಡು ಜಿಡ್ಡಾಗಿ ಏನೋ ಸುರಿಯುತ್ತೆ, ಮೂಗು ಮುಚ್ಚಿಕೊಳ್ಳಿ. ಗೋಡೆ ಕಡೆಯ ಪೈಪಿನ ಬಾಯಿಗೆ ಆಗಲೇ ಹಳೇ ಬನಿಯನ್ ತುರುಕಿ. ನಾನು ಮರೆತು ಕಾಫಿಗೆ ಎದ್ದೆ. ಬರುವಷ್ಟರಲ್ಲಿ ಎರಡು ಜಿರಳೆ ಕಟ್ಟೆ ಮೇಲಿದ್ದವು.

ನಿಜವಾದ ಒದ್ದಾಟ ಇರುವುದು ವೇಸ್ಟ್ ಕಪ್ಲಿಂಗ್ ಹತ್ತಿರ. ಸಿಂಕಿನ ತಳದಲ್ಲಿ ಜಾಲಿ ಇರುತ್ತಲ್ಲ, ಅದನ್ನು ಅಡಿಯಿಂದ ಹಿಡಿದಿರುವ ದೊಡ್ಡ ನಟ್ಟು. ಕೆಳಗಿನಿಂದ ನೋಡುವಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ನಾನು ಹತ್ತು ನಿಮಿಷ ತಿರುಗಿಸಿದೆ. ತಿರುಗುತ್ತಲೇ ಇತ್ತು, ಸಡಿಲ ಮಾತ್ರ ಆಗಲಿಲ್ಲ! ನಟ್ಟಿನ ಜೊತೆ ಮೇಲಿನ ಜಾಲಿಯೂ ಸುತ್ತುತ್ತಿತ್ತು. ಕೊನೆಗೆ ಮಗ ಇಕ್ಕಳದ ಎರಡು ಹಿಡಿಗಳನ್ನು ಜಾಲಿಯ ತೂತುಗಳಿಗೆ ಇಳಿಸಿ ಮೇಲಿನಿಂದ ಬಿಗಿಯಾಗಿ ಹಿಡಿದ. ನಾನು ಕೆಳಗಿಂದ ಪೈಪ್ ರೆಂಚ್ ಹಾಕಿದೆ. ಕಟಕ್ ಅಂತ ಬಿಟ್ಟಿತು.

ಅಡಿಯಲ್ಲಿ ಕ್ಲಿಪ್‌ಗಳಿದ್ದರೆ ಸ್ಕ್ರೂ ಸಡಿಲಿಸಿ. ಸಿಂಕಿನ ಅಂಚಿನ ಸುತ್ತ ಸಿಲಿಕಾನ್ ಇದ್ದರೆ ಪೇಪರ್ ಕಟರ್‌ನಿಂದ ಕುಯ್ಯಿರಿ, ಬ್ಲೇಡ್ ಕಲ್ಲಿಗೆ ಮಲಗಿದಂತಿರಲಿ. ನಮ್ಮದು ವೈಟ್ ಸಿಮೆಂಟ್. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೆರೆದೆ, ಮುಕ್ಕಾಲು ಗಂಟೆ ಹಿಡಿಯಿತು.

ಈಗ ಎತ್ತುವುದು. ಆತುರ ಬೇಡ. ಸಿಂಕಿಗೂ ಕಟ್ಟೆಯ ಮುಂಭಾಗಕ್ಕೂ ನಡುವೆ ಎರಡು ಮೂರು ಇಂಚಿನ ಪಟ್ಟಿ ಕಲ್ಲು ಉಳಿದಿರುತ್ತೆ, ಇಡೀ ಕಟ್ಟೆಯಲ್ಲಿ ಬಲ ಇಲ್ಲದ ಜಾಗ ಅದೇ. ಅಲ್ಲಿ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಕಲ್ಲೇ ಬಿರುಕು ಬಿಡುತ್ತೆ. ಸಿಂಕಿಗಿಂತ ಕಟ್ಟೆ ಖರ್ಚು ಜಾಸ್ತಿ ಅಲ್ವಾ? ಒಬ್ಬರು ಕೆಳಗಿಂದ ಅಂಗೈಯಲ್ಲಿ ತಳ್ಳಲಿ, ಇನ್ನೊಬ್ಬರು ಮೇಲಿಂದ ಹಿಡಿಯಲಿ. ದಪ್ಪ ಗ್ಲೌಸ್ ಇರಲಿ, ಸ್ಟೀಲಿನ ಅಡಿಯ ಅಂಚು ಬ್ಲೇಡ್ ಇದ್ದಂತೆ. ನನ್ನ ಹೆಬ್ಬೆರಳಿಗೆ ಇನ್ನೂ ಪಟ್ಟಿ ಇದೆ.

ಹೊಸದನ್ನು ತರುವ ಮುಂಚೆ ಕಲ್ಲಿನ ತೂತನ್ನೇ ಅಳೆಯಿರಿ. ಹಳೇ ಸಿಂಕಿನ ಅಳತೆ ಹೇಳಿದರೆ ಸಾಲದು, ಅದರಲ್ಲಿ ಅಂಚೂ ಸೇರಿರುತ್ತೆ. ತೂತಿನ ಉದ್ದ, ಅಗಲ ಬರೆದುಕೊಂಡು ಅಂಗಡಿಗೆ ಹೋಗಿ.

ಹಳೇದನ್ನು ಗುಜರಿಗೆ ಹಾಕೋಣ ಅಂತ ಬಾಗಿಲಿಗೆ ಒರಗಿಸಿದ್ದೆ. ಸಂಜೆ ನೋಡಿದರೆ ಅತ್ತೆ ಅದನ್ನು ಹಿತ್ತಲಿಗೆ ಎಳೆದು, ಮಣ್ಣು ತುಂಬಿ, ಒಂದೆಲಗ ನೆಟ್ಟಿದ್ದರು. ನೀರು ಇಳಿಯೋಕೆ ತೂತು ಹೇಗೂ ಇದೆಯಲ್ಲ ಅಂದರು.